ತಿರುಗಿ ಮಾತಾಡದ ಪಾತ್ರ

"ಆ ಕಾರ್ಟೂನ್ ನೋಡಿ ಮಗು ಹಾಳಾಗ್ತಿದೆ ಮೇಡಂ" ಎಂದು ನನ್ನ ಹತ್ತಿರ ಆಪ್ತಸಲಹೆಗೆ ಬರುವ ಅಪ್ಪ ಅಮ್ಮಂದಿರು ಜಾಸ್ತಿಯಾಗಿದ್ದಾರೆ. ಹೆಚ್ಚಿನ ದೂರು ಐದು ವರ್ಷದ ತುಂಟ ಹುಡುಗನ ಜಪಾನಿ ಕಾರ್ಟೂನ್ ಶಿನ್‌ಚಾನ್ ಮೇಲೆ. ತಂಗಿಗೆ ಡೋರೇಮಾನ್ ಬೇಕು, ಅಣ್ಣನಿಗೆ ಶಿನ್‌ಚಾನ್, ಅಪ್ಪನ ಪ್ರಕಾರ ಟಾಮ್ ಅಂಡ್ ಜೆರ್ರಿ ಆದಮೇಲೆ ಒಳ್ಳೆ ಕಾರ್ಟೂನೇ ಬಂದಿಲ್ಲ. ಬಹಳಷ್ಟು ಸಲ ಇದು ರಿಮೋಟಿನ ಜಗಳ. ಯಾರು ಎಷ್ಟು ಹೊತ್ತು ನೋಡಬೇಕು ಅಂತ ಗೊತ್ತು ಮಾಡಿಕೊಂಡರೆ ಮುಗಿದುಹೋಗುತ್ತದೆ. ಕೆಲವು ಮನೆಗಳಲ್ಲಿ ಹಾಗಲ್ಲ. ಅಂಥ ಒಂದು ಮನೆಯ ಸಂಗತಿ ನನ್ನನ್ನು ಬಹಳ ದಿನ ಕಾಡಿತು, ಅದಕ್ಕೇ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಹೆಸರು, ಊರು, ಕೆಲಸ ಬದಲಾಯಿಸಿದ್ದೇನೆ.

ಸಹನಾ ಒಂಬತ್ತನೇ ಕ್ಲಾಸಿನ ಹುಡುಗಿ. ಅಪ್ಪನಿಗೆ ಹಾರ್ಡ್‌ವೇರ್ ಅಂಗಡಿ, ಅಮ್ಮ ಟೀಚರ್. ಹುಡುಗಿ ಎದುರು ಮಾತಾಡುತ್ತಾಳೆ, ಭಾನುವಾರ ಎಲ್ಲರೂ ಕೂತು ಸಿನಿಮಾ ನೋಡುವಾಗ ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ಈ ವಯಸ್ಸಿನಲ್ಲೂ ಫೋನಿನಲ್ಲಿ ಶಿನ್‌ಚಾನ್ ನೋಡುತ್ತಾಳೆ. ಇದು ಅಪ್ಪನ ದೂರು. "ನಮ್ಮ ಮನೇಲಿ ಎಲ್ರೂ ನಗ್ತಾ ಇರೋ ಜನ. ಇವಳಿಗೆ ಮಾತ್ರ ತಮಾಷೆ ಅನ್ನೋದೇ ಗೊತ್ತಾಗಲ್ಲ" ಅಂದರು. ನೆಂಟರ ಮನೆಯಲ್ಲಿ ಮಗಳು ಊಟಕ್ಕೆ ಕೂರುವುದಿಲ್ಲ ಎಂದು ಅಮ್ಮ ಮಧ್ಯೆ ಒಂದು ಮಾತು ಸೇರಿಸಿದರು. ಅದನ್ನು ಬರೆದುಕೊಂಡೆ.

ಮೊದಲ ಭೇಟಿಗಳಲ್ಲಿ ಹೆಚ್ಚೇನೂ ಸಿಗಲಿಲ್ಲ. ಆಮೇಲೆ ಮೂವರನ್ನೂ ಒಟ್ಟಿಗೆ ಕೂರಿಸಿ ಒಂದು ಕೆಲಸ ಹೇಳಿದೆ: ನಿಮಗೆ ತುಂಬಾ ನಗು ತರಿಸುವ ಒಂದು ಸೀನ್ ಹೇಳಿ, ಉಳಿದವರು ಮಧ್ಯೆ ಬಾಯಿ ಹಾಕಬಾರದು.

ಅಪ್ಪ ಹೇಳಿದ್ದು ಒಂದು ಹಳೆಯ ಹಾಸ್ಯ ಚಿತ್ರದ ದೃಶ್ಯ. ಚಿತ್ರದ ಹೆಸರು ಇಲ್ಲಿ ಬೇಡ, ಅಂಥ ದೃಶ್ಯ ಎಷ್ಟೋ ಚಿತ್ರಗಳಲ್ಲಿದೆ. ದಪ್ಪಗಿನ ಹೆಂಗಸೊಬ್ಬಳು ಆಟೋ ಹತ್ತುತ್ತಾಳೆ, ಆಟೋದ ಮುಂದಿನ ಚಕ್ರ ಮೇಲೇಳುತ್ತದೆ, ನಾಯಕ ಒಂದು ಮಾತು ಬಿಡುತ್ತಾನೆ. ಅಪ್ಪ ಕುರ್ಚಿಯಿಂದ ಎದ್ದು, ಡ್ರೈವರು ಹ್ಯಾಂಡಲ್‌ಗೆ ಜೋತುಬೀಳುವುದನ್ನು ಮಾಡಿ ತೋರಿಸಿದರು. ಚೆನ್ನಾಗಿಯೇ ಮಾಡಿದರು. ಅಮ್ಮನಿಗೆ ನಗು ಬಂತು. ಮಗಳ ಮುಖ ನೋಡಿ ನಿಲ್ಲಿಸಿಕೊಂಡರು.

ಸಹನಾ ಶಿನ್‌ಚಾನ್ ಮಾತು ತೆಗೆದಳು. ಅವಳು ಬಾಯಿ ಬಿಡುವಷ್ಟರಲ್ಲಿ ಅಪ್ಪ, "ಅವನು ಅವರಮ್ಮನ್ನೇ ದಪ್ಪ ಅಂತ ಆಡಿಕೊಳ್ತಾನಲ್ವಾ? ಅದು ನಿನಗೆ ತಮಾಷೆ. ನಾನು ಹೇಳಿದ್ದು ಮಾತ್ರ ತಪ್ಪಾ?" ಎಂದರು. ನಿಯಮ ಮುರಿದಿದ್ದರು, ಆದರೆ ಕೇಳಿದ ಪ್ರಶ್ನೆ ಸರಿಯಾಗಿತ್ತು. ಆ ಕಾರ್ಟೂನ್‌ನಲ್ಲಿ ಅಂಥ ಮಾತು ಬೇಕಾದಷ್ಟಿದೆ. ಹಾಗಾಗಿ ನಾನು ತಡೆಯಲಿಲ್ಲ.

ಹುಡುಗಿ ಸ್ವಲ್ಪ ಯೋಚನೆ ಮಾಡಿದಳು. "ಆಡಿಕೊಳ್ತಾನೆ. ಆದ್ರೆ ಅವರಮ್ಮ ಮಿತ್ಸಿ ಸುಮ್ನೆ ಬಿಡಲ್ಲ ಅಪ್ಪ. ತಲೆ ಊದಿಕೊಳ್ಳೋ ಹಾಗೆ ಗುದ್ದುತಾಳೆ, ಬೈತಾಳೆ. ಅವಳಿಗೆ ಮನೆ ಇದೆ, ಮಗಳಿದಾಳೆ, ಎಲ್ಲಾ ಎಪಿಸೋಡಲ್ಲೂ ಇರ್ತಾಳೆ. ನಿನ್ನ ಸಿನಿಮಾದಲ್ಲಿ ಆ ಆಂಟಿ ವಾಪಸ್ ಒಂದು ಮಾತೂ ಆಡಲ್ಲ. ಆಟೋ ಹತ್ತೋದು, ಇಳಿಯೋದು, ಅಷ್ಟೇ. ನೀನು ನನ್ನನ್ನ ಕರೆಯೋದು ಅವಳ ಹೆಸರಲ್ಲೇ."

ಆಗ ನನಗೆ ವಿಷಯ ತಿಳಿಯಿತು. ಚಿಕ್ಕಂದಿನಿಂದ ಅಪ್ಪ ಮಗಳನ್ನು ಆ ಪಾತ್ರದ ಹೆಸರಿನಿಂದಲೇ ಕೂಗುತ್ತಿದ್ದರು. ಅಜ್ಜಿ, ಚಿಕ್ಕಪ್ಪ, ಅವರ ಮಕ್ಕಳು ಎಲ್ಲರೂ ಕಲಿತುಕೊಂಡಿದ್ದರು. ಒಂದು ನಾಮಕರಣದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ ಯಾರೋ ಅದೇ ಹೆಸರು ಕೂಗಿ "ಇವಳಿಗೆ ನಾಲ್ಕು ಹಾಕ್ರಪ್ಪ" ಅಂದಿದ್ದಾರೆ. ಇಡೀ ಸಾಲು ನಕ್ಕಿದೆ. ಹುಡುಗಿ ಎಲೆ ಬಿಟ್ಟು ಎದ್ದಿದ್ದಾಳೆ. ಅವತ್ತೂ ಅವಳ ಮೇಲೆ ಬಂದ ದೂರು ಇದೇ: ತಮಾಷೆ ಗೊತ್ತಾಗಲ್ಲ.

"ಪ್ರೀತಿಗೆ ಕರೀತಿದ್ದೆ ಮೇಡಂ" ಅಂದರು ಅಪ್ಪ. ಅವರ ಮಾತನ್ನು ನಾನು ನಂಬಿದೆ. ಆ ಸಿನಿಮಾವನ್ನು ಅವರು ಮೊದಲ ಸಲ ನೋಡಿದ್ದು ಟೂರಿಂಗ್ ಟಾಕೀಸಿನಲ್ಲಿ, ತಮ್ಮ ತಂದೆಯ ಪಕ್ಕ ಕೂತು. ತಂದೆ ಈಗಿಲ್ಲ. ಅವರು ಹಾಗೆ ಬಿದ್ದು ಬಿದ್ದು ನಕ್ಕಿದ್ದನ್ನು ಇವರು ಬೇರೆಲ್ಲೂ ನೋಡಿರಲಿಲ್ಲವಂತೆ. ಹಾಗಾಗಿ ಮಗಳು ಆ ಚಿತ್ರವನ್ನು ಬೈದಾಗಲೆಲ್ಲ ಅಪ್ಪನಿಗೆ ತನ್ನ ಅಪ್ಪನನ್ನೇ ಬೈದ ಹಾಗಾಗುತ್ತಿತ್ತು.

ಸಲಹೆಯಲ್ಲಿ ಮೊದಲನೆಯದು: ಆ ಹೆಸರು ಇವತ್ತಿನಿಂದ ಬಂದ್. ಅದರಲ್ಲಿ ಚೌಕಾಸಿ ಇಲ್ಲ. ನೆಂಟರಿಗೆ ಹೇಳುವ ಜವಾಬ್ದಾರಿಯೂ ಅಪ್ಪನದೇ. ಹದಿನಾಲ್ಕರ ಹುಡುಗಿ ಮನೆಮನೆಗೆ ಹೋಗಿ "ನನ್ನನ್ನ ಹಾಗೆ ಕರೀಬೇಡಿ" ಎಂದು ಕೇಳಿಕೊಳ್ಳುವಂತೆ ಆಗಬಾರದು. ಊಟ ಬಿಡುವುದು ಎಲ್ಲಿಯವರೆಗೆ ಹೋಗಿದೆ ಎಂದೂ ಕೇಳಿದೆ. ಮನೆಯಲ್ಲಿ ಸರಿಯಾಗಿಯೇ ತಿನ್ನುತ್ತಿದ್ದಳು, ಬೇಡದ ಪಥ್ಯ ಇರಲಿಲ್ಲ. ಹಾಗಿರದಿದ್ದರೆ ಮೊದಲು ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ಓದುವವರ ಮನೆಯಲ್ಲಿ ಮಕ್ಕಳು ದಿನಾ ಊಟ ತಪ್ಪಿಸುತ್ತಿದ್ದರೆ ದಯವಿಟ್ಟು ಕಾಯಬೇಡಿ.

ಅಪ್ಪ ತಾವಾಗಿಯೇ ಒಂದು ಮಾತು ಕೊಡಲು ಬಂದರು: "ಇನ್ನು ಆ ಸಿನಿಮಾನೇ ನೋಡಲ್ಲ." ನಾನು ಬೇಡ ಅಂದೆ. ಈ ಬಗ್ಗೆ ನನ್ನ ಜೊತೆ ಕೆಲಸ ಮಾಡುವವರೇ ಆಕ್ಷೇಪಿಸಿದ್ದಾರೆ, ತಪ್ಪು ಒಪ್ಪಿಕೊಂಡ ಮನುಷ್ಯನನ್ನು ನಾನೇ ಹಿಂದಕ್ಕೆ ಎಳೆದೆ ಎಂದು. ನನ್ನ ಉತ್ತರ ಈಗಲೂ ಅದೇ. ಅಪ್ಪ ತಮ್ಮ ತಂದೆಯ ನೆನಪನ್ನು ಬಿಟ್ಟುಕೊಟ್ಟರೆ ಆ ಭಾರ ಬೀಳುವುದು ಮಗಳ ತಲೆ ಮೇಲೆ. "ನಿನಗೋಸ್ಕರ ಬಿಟ್ಟೆ" ಅನ್ನುವ ಮಾತು ಒಂದಲ್ಲ ಒಂದು ದಿನ ಹೊರಗೆ ಬಂದೇ ಬರುತ್ತದೆ. ಇಷ್ಟದ ಸಿನಿಮಾದಲ್ಲಿ ಒಂದು ದೃಶ್ಯ ಕೆಟ್ಟದ್ದು ಎಂದು ಒಪ್ಪಿಕೊಂಡೂ ಸಿನಿಮಾವನ್ನು ಇಷ್ಟಪಡಬಹುದು.

ಅವರ ಟಾಮ್ ಅಂಡ್ ಜೆರ್ರಿಯನ್ನೇ ಉದಾಹರಣೆ ಕೊಟ್ಟೆ. 1940ರಲ್ಲಿ ಶುರುವಾದ ಕಾರ್ಟೂನ್ ಅದು. ಹಳೆಯ ಕಂತುಗಳಲ್ಲಿ ಮನೆಕೆಲಸದ ಕಪ್ಪು ಹೆಂಗಸೊಬ್ಬಳು ಬರುತ್ತಿದ್ದಳು. ಹೆಚ್ಚಾಗಿ ಕಾಣುತ್ತಿದ್ದದ್ದು ಕಾಲು, ಲಂಗ, ಕೈಯಲ್ಲಿನ ಪೊರಕೆ. ಮುಖ ಕಾಣಿಸುತ್ತಿದ್ದದ್ದು ತೀರಾ ಅಪರೂಪ. ಕಪ್ಪು ಜನರನ್ನು ಹೀಗೆ ತೋರಿಸುವುದಕ್ಕೆ ಅಮೆರಿಕದಲ್ಲಿ ವಿರೋಧ ಬಂತು. 1960ರ ದಶಕದಲ್ಲಿ ಟಿವಿಗೆ ಹಾಕುವಾಗ ಕೆಲವು ಕಂತುಗಳಲ್ಲಿ ಅವಳ ಜಾಗಕ್ಕೆ ಬೇರೆ ಹೆಂಗಸನ್ನು ಬಿಡಿಸಿದರು. ಅಷ್ಟಾದರೂ ಬೆಕ್ಕು ಇಲಿಯನ್ನು ಜನ ಬಿಟ್ಟರಾ? ಅಪ್ಪನಿಗೆ ಇದು ಗೊತ್ತಿರಲಿಲ್ಲ. ಫೋನ್ ತೆಗೆದು ಅಲ್ಲೇ ಹುಡುಕಿ ನೋಡಿದರು.

ಶಿನ್‌ಚಾನ್ ನಿಲ್ಲಿಸಿ ಅಂತಲೂ ನಾನು ಹೇಳಲಿಲ್ಲ. ಅದನ್ನು ಎಲ್ಲ ಮಕ್ಕಳಿಗೂ ತೋರಿಸಿ ಎಂದು ಹೇಳುವವಳೂ ನಾನಲ್ಲ. 1990ರಲ್ಲಿ ಯೊಶಿಟೊ ಉಸುಯಿ ಅದನ್ನು ಬರೆಯಲು ಶುರು ಮಾಡಿದ್ದೇ ದೊಡ್ಡವರು ಓದುವ ಕಾಮಿಕ್ಸ್ ಪತ್ರಿಕೆಗೆ. ಜಪಾನಿನಲ್ಲೇ ಪೋಷಕರ ಸಮೀಕ್ಷೆಗಳಲ್ಲಿ "ಮಕ್ಕಳಿಗೆ ತೋರಿಸಬಾರದ್ದು" ಎಂದು ಅದರ ಹೆಸರು ವರ್ಷಗಟ್ಟಲೆ ಬಂದಿದೆ. ನಮ್ಮಲ್ಲೂ 2008ರಲ್ಲಿ ಸರ್ಕಾರ ನಿಲ್ಲಿಸಿತ್ತು, ಆಮೇಲೆ ಕತ್ತರಿ ಹಾಕಿಸಿಕೊಂಡು ವಾಪಸ್ ಬಂತು. ಐದು ವರ್ಷದ ಮಗು ಒಬ್ಬನೇ ಕೂತು ನೋಡುವುದು ನನಗೂ ಇಷ್ಟವಿಲ್ಲ. ಆದರೆ ಈ ಹುಡುಗಿ ಅದರಲ್ಲಿ ಕಂಡಿದ್ದು ಅಶ್ಲೀಲವನ್ನಲ್ಲ, ದಪ್ಪ ಅನ್ನಿಸಿಕೊಂಡಾಗ ತಿರುಗಿ ಮಾತಾಡುವ ಒಬ್ಬ ಹೆಂಗಸನ್ನು. ಅದನ್ನು ಅವಳಿಂದ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಮನೆಯಲ್ಲಿ ಮಾಡಲು ಕೊಟ್ಟ ಕೆಲಸ ಚಿಕ್ಕದು. ಅಪ್ಪ ಮಗಳು ಆರಿಸಿದ ಒಂದು ಕಂತು ನೋಡಬೇಕು, ಮುಗಿಯುವವರೆಗೆ ಸುಮ್ಮನಿರಬೇಕು. ಮಗಳು ಅಪ್ಪ ಆರಿಸಿದ ಒಂದು ಚಿತ್ರ ನೋಡಬೇಕು, ಬೇಡವೆನಿಸಿದಾಗ ಎದ್ದು ಹೋಗಬಹುದು, ಯಾಕೆ ಎಂದು ಯಾರೂ ಕೇಳಬಾರದು. ನಗಲೇಬೇಕು ಅಂತ ಇಬ್ಬರಿಗೂ ಇಲ್ಲ. ಅಪ್ಪ ಆರಿಸಿದ್ದು 1990ರ ಗಣೇಶನ ಮದುವೆ. ಅನಂತನಾಗ್, ವಿನಯಾ ಪ್ರಸಾದ್ ಒಂದೇ ವಠಾರದಲ್ಲಿದ್ದು ದಿನಾ ಕಿತ್ತಾಡುತ್ತಾರೆ. ತಾನು ಮನಸೋತ ರೇಡಿಯೋ ಹಾಡುಗಾರ್ತಿ ಇವಳೇ ಅಂತ ಅವನಿಗೆ ಗೊತ್ತಿಲ್ಲ. ಅಲ್ಲಿ ಬೈಸಿಕೊಂಡವರು ಬೈದವರಿಗೆ ಅಷ್ಟೇ ಖಾರವಾಗಿ ಬೈಯುತ್ತಾರೆ. ಹುಡುಗಿ ಪೂರ್ತಿ ನೋಡಿದಳಂತೆ. "ಸ್ವಲ್ಪ ಉದ್ದ ಆಯ್ತು" ಅಂದಳಂತೆ. ಅಪ್ಪನಿಗೆ ಶಿನ್‌ಚಾನ್ ಧ್ವನಿ ಈಗಲೂ ಕಿರಿಕಿರಿ. ಆಟೋ ಸೀನಿನ ಬಗ್ಗೆ ಇಬ್ಬರಿಗೂ ಒಮ್ಮತ ಬಂದಿಲ್ಲ. ಬರಬೇಕೆಂದು ನಾನು ಕೇಳಿಯೂ ಇಲ್ಲ.

ಚಿಕ್ಕಪ್ಪನ ಮನೆಯವರು ಹೆಸರು ಬಿಟ್ಟಿದ್ದಾರೆ. ಅಜ್ಜಿ ಬಿಟ್ಟಿಲ್ಲ, "ನಾನು ಎತ್ತಿ ಆಡಿಸಿದ ಮಗು, ನನಗೇನು ಹೇಳ್ತೀರಿ" ಅನ್ನುತ್ತಾರಂತೆ. ಮುಂದಿನ ಸಲ ಅವರನ್ನೂ ಕರೆತರಲು ಹೇಳಿದ್ದೇನೆ.