ಮುತ್ತಜ್ಜನ ಪದ್ಯವೋ, ಬರೆದಿಟ್ಟುಕೊಂಡ ಹಾಡೋ?

ನಿಮ್ಮ ಯಜಮಾನರ ಮುತ್ತಜ್ಜ ಐರ್ಲೆಂಡಿನ ಡಬ್ಲಿನ್ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದರು, ಅವರ ನೋಟ್‌ಬುಕ್ಕಿನ ಪದ್ಯಗಳು ಅವರದ್ದೇನಾ ಅಂತ ಕೇಳಿದ್ದೀರಿ. ಹಮಾಲಿ ಪದ್ಯ ಬರೀತಾರಾ ಅನ್ನೋ ಅನುಮಾನವನ್ನು ಮೊದಲು ಬಿಡಿ. ಡೊನೆಗಾಲ್‌ನ ಪ್ಯಾಟ್ರಿಕ್ ಮೆಗಿಲ್ ಸ್ಕಾಟ್ಲೆಂಡಿನಲ್ಲಿ ರೈಲು ಹಳಿ ಕೆಲಸ ಮಾಡುತ್ತಲೇ ಕವಿಯಾದವರು.

ಮುತ್ತಜ್ಜನಿಗೆ ಬರೆಯಲು ಬರುತ್ತಿತ್ತಾ ಅಂತ ತಿಳಿಯಲು 1911ರ ಜನಗಣತಿ ನೋಡಿ. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮನೆಯ ಹಿರಿಯರು ತುಂಬಿಕೊಟ್ಟ ಫಾರಂನ ಚಿತ್ರವೇ ಅಲ್ಲಿದೆ. ಕಸುಬು, ಓದು ಬರಹ ಬರುತ್ತದೋ ಇಲ್ಲವೋ, ಐರಿಷ್ ಭಾಷೆ ಗೊತ್ತೋ, ಎಲ್ಲಾ ಇರುತ್ತದೆ. ಕೆಳಗೆ ಸಹಿ, ಬರೆಯಲು ಬಾರದವರದ್ದು ಬರೀ ಗುರುತು. ಆ ಕೈಬರಹವನ್ನು ನೋಟ್‌ಬುಕ್ಕಿನ ಪಕ್ಕ ಇಟ್ಟು ನೋಡಿ. 'ಓದಲು ಬಾರದು' ಅಂತಿದ್ದರೆ ನೋಟ್‌ಬುಕ್ ಮುತ್ತಜ್ಜಿಯದ್ದೂ ಇರಬಹುದು, ಅಲ್ವಾ?

ಕೈಬರಹ ಹೊಂದಿದರೂ ಪದ್ಯ ಬೇರೆಯವರದ್ದಿರಬಹುದು. 1937ರಿಂದ 1939ರವರೆಗೆ ಐರ್ಲೆಂಡಿನ ಶಾಲೆ ಮಕ್ಕಳು ಹಿರಿಯರಿಂದ ಕೇಳಿ ಬರೆದ ಕಥೆ, ಹಾಡುಗಳ ದೊಡ್ಡ ಸಂಗ್ರಹ ಆನ್‌ಲೈನಿನಲ್ಲಿದೆ. ಒಂದೆರಡು ಸಾಲು ಅಲ್ಲಿ ಹುಡುಕಿ. ಸಿಕ್ಕರೆ ಅದು ಊರ ಹಾಡು. ಸಿಗದಿದ್ದರೆ ಅವರದ್ದೇ ಅಂತ ಸುಮ್ನೆ ತೀರ್ಮಾನಿಸಬೇಡಿ.

'ಮುಷ್ಕರ ಮುರಿಯೋ ಕೆಲಸಕ್ಕೆ ಹೋಗಬಾರದು' ಅಂತ ನಿಮ್ಮ ಯಜಮಾನರ ಮನೆಯಲ್ಲಿ ಹೇಳಿಕೊಂಡು ಬಂದ ಮಾತಿಗೆ 1913ರ ಡಬ್ಲಿನ್ ಲಾಕೌಟ್ (ಮಾಲೀಕರೇ ಕಾರ್ಮಿಕರನ್ನು ಕೆಲಸದಿಂದ ಹೊರಗಿಟ್ಟದ್ದು) ಮೂಲ ಇರಬಹುದು. ಕಾರ್ಮಿಕ ನಾಯಕ ಜಿಮ್ ಲಾರ್ಕಿನ್ ಅವರ ಸಂಘಕ್ಕೆ ಸೇರಲ್ಲ ಅಂತ ಬರೆದುಕೊಡದವರಿಗೆ ಮಾಲೀಕರು ಕೆಲಸ ಕೊಡಲಿಲ್ಲ. ಸುಮಾರು 20,000 ಕಾರ್ಮಿಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೂತರು. ಬಂದರಿನವರೂ ಅದರಲ್ಲಿದ್ದರು. ಆ ವರ್ಷದ ತಾರೀಖಿರುವ ಪುಟ ಏನಾದರೂ ಇದ್ದರೆ ಫೋಟೊ ಹಾಕಿ, ನೋಡೋಣ.