ನನ್ನ ಕಾಯಿಲೆ ದೇವರು ಕೊಟ್ಟ ಶಿಕ್ಷೆನಾ?

ಪ್ರಶ್ನೆ: ಕ್ರೈಸ್ತ ನಂಬಿಕೆಗೆ ಬಂದು ಆರು ವರ್ಷ ಆಯ್ತು. ಈ ವರ್ಷ ಕೆಲಸ ಹೋಯ್ತು, ಅದರ ಬೆನ್ನಿಗೇ ಕಿಡ್ನಿ ತೊಂದರೆ. ಪ್ರಾರ್ಥನಾ ಕೂಟದ ಅಣ್ಣ ಒಬ್ರು "ನೀನು ಯಾವುದೋ ಪಾಪ ಮುಚ್ಚಿಟ್ಟಿದ್ದೀಯ, ಅದಕ್ಕೇ ದೇವರು ಹೊಡೀತಿದ್ದಾರೆ" ಅಂದ್ರು. ಯೇಸು ಶಿಲುಬೆ ಮೇಲೆ ಸತ್ತಾಗಲೇ ನಮ್ಮ ಪಾಪದ ಲೆಕ್ಕ ಚುಕ್ತಾ ಆಗಿದ್ರೆ ಮತ್ತೆ ಈ ಶಿಕ್ಷೆ ಯಾಕೆ?

ಉತ್ತರ: ಮೊದಲು ಆ ಅಣ್ಣನ ಮಾತು ಪಕ್ಕಕ್ಕಿಡಿ. ಬೈಬಲಿನ ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನ್ನ ನೋಡಿ ಶಿಷ್ಯರು ಕೇಳಿದ್ದೂ ಇದನ್ನೇ, ಪಾಪ ಮಾಡಿದ್ದು ಇವನೋ ಇವನ ಅಪ್ಪ ಅಮ್ಮನೋ ಅಂತ, ಯೇಸುಸ್ವಾಮಿ ಇವನೂ ಅಲ್ಲ ಅವರೂ ಅಲ್ಲ ಅಂದ್ರು.

ಗೊಂದಲ ಇರೋದು ಶಿಕ್ಷೆ ಅನ್ನೋ ಪದದಲ್ಲೇ. ಕರ್ತನು ತಾನು ಪ್ರೀತಿಸೋರನ್ನೇ ಶಿಕ್ಷಿಸ್ತಾನೆ ಅಂತ ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿದೆಯಲ್ಲ, ಅಲ್ಲಿನ ಗ್ರೀಕ್ ಪದ ಪೈದೇಯಾ, ಮಗು ಅನ್ನೋ ಪದದಿಂದ ಬಂದಿದ್ದು, ಅಂದ್ರೆ ಮಗುವನ್ನ ತಿದ್ದಿ ತೀಡಿ ಬೆಳೆಸೋದು. ನಮ್ಮಲ್ಲೂ ಶಿಕ್ಷೆ, ಶಿಕ್ಷಣ, ಶಿಕ್ಷಕ ಎಲ್ಲಾ ಒಂದೇ ಬೇರಿನವು, ಆದ್ರೆ ಈಗ ಶಿಕ್ಷೆ ಅಂದ ಕೂಡ್ಲೇ ಕೋರ್ಟು, ಜೈಲು ಕಣ್ಮುಂದೆ ಬರುತ್ತೆ. ಇನ್ನೊಂದು ವಿಷಯ ತುಂಬಾ ಜನ ಗಮನಿಸಲ್ಲ: ಆ ಪತ್ರ ಯಾರಿಗೆ ಬರೆದಿದ್ದು? 10ನೇ ಅಧ್ಯಾಯ ನೋಡಿ, ನಂಬಿಕೆಗೋಸ್ಕರ ಆಸ್ತಿ ಲೂಟಿ ಆದ್ರೂ ಸಂತೋಷದಿಂದ ಸಹಿಸಿಕೊಂಡವರಿಗೆ. ಅವರು ಕಷ್ಟ ಪಟ್ಟಿದ್ದು ಪಾಪ ಮಾಡಿ ಅಲ್ಲ, ಆದ್ರೂ ಆ ಕಷ್ಟಕ್ಕೇ ಪತ್ರ ತಂದೆಯ ತರಬೇತಿ ಅನ್ನುತ್ತೆ.

ಹಾಗಂತ ಪಾಪಕ್ಕೆ ದೇವರು ಗದರಿಸೋದೇ ಇಲ್ವಾ ಅಂದ್ರೆ, ಇದೆ. ಕೊರಿಂಥ ಊರಿನ ಕ್ರೈಸ್ತ ಸಭೆಯಲ್ಲಿ ಕರ್ತನ ಭೋಜನಕ್ಕೆ, ಅಂದ್ರೆ ಯೇಸುವಿನ ಸಾವನ್ನ ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳೋ ಊಟಕ್ಕೆ, ಸೇರಿದಾಗ ಕೆಲವರು ತಮ್ಮ ಪಾಲು ಮೊದಲೇ ತಿಂದು ಕುಡಿದು ಅಮಲೇರಿಸಿಕೊಳ್ತಿದ್ರು, ಇಲ್ಲದವರು ಹಸಿದು ಕೂರ್ತಿದ್ರು, ಅದಕ್ಕೇ ನಿಮ್ಮಲ್ಲಿ ರೋಗ ಸಾವು ಬಂದಿರೋದು ಅಂತ ಅಪೊಸ್ತಲ ಪೌಲ ಅವರಿಗೆ ನೇರವಾಗೇ ಬರೀತಾನೆ. ಆದ್ರೆ ಮುಂದಿನ ಮಾತೇ ಮುಖ್ಯ, ಲೋಕದ ಜೊತೆ ಅಪರಾಧಿಗಳಾಗಿ ನಿಲ್ಲಬಾರದು ಅಂತಾನೇ ಈ ಶಿಕ್ಷೆ ಅಂತಾನೆ. ಅಂದ್ರೆ ಅಲ್ಲೂ ಹೊಡೆತ ಬಿದ್ದಿದ್ದು ಮನೆ ಮಕ್ಕಳಿಗೆ.

ಲೆಕ್ಕ ಚುಕ್ತಾ ವಿಷಯದಲ್ಲಿ ಸಭೆಗಳು ಒಂದೇ ಥರ ಹೇಳಲ್ಲ. ಕ್ಷಮೆ ಸಿಕ್ಕ ಪಾಪಕ್ಕೂ ತಾತ್ಕಾಲಿಕ ದಂಡನೆ ಉಳಿದಿರಬಹುದು ಅನ್ನೋದು ಕ್ಯಾಥೊಲಿಕ್ ಬೋಧನೆ, ಸತ್ತ ಮೇಲೆ ಸ್ವರ್ಗಕ್ಕೆ ಹೋಗೋ ಮೊದಲು ಶುದ್ಧರಾಗೋ ಶುದ್ಧೀಕರಣ ಸ್ಥಳದ ಮಾತು ಬರೋದೂ ಅಲ್ಲಿಂದಲೇ. ಪ್ರಾಟೆಸ್ಟೆಂಟರು ಕ್ರಿಸ್ತ ಯೇಸುವಿನಲ್ಲಿರೋರಿಗೆ ಅಪರಾಧ ನಿರ್ಣಯ ಇಲ್ಲ ಅನ್ನೋ ರೋಮಾಪುರದವರಿಗೆ 8:1 ವಚನ ಹಿಡಿದು ದಂಡನೆ ಏನೂ ಬಾಕಿ ಇಲ್ಲ, ತಿದ್ದೋದು ಮಾತ್ರ ಇದೆ ಅಂತಾರೆ. ಆರ್ಥೊಡಾಕ್ಸ್ ಸಭೆಗಳ ಕಡೆ ಇಂಥ ತಿದ್ದುವಿಕೆಯನ್ನ ಔಷಧಿಗೆ ಹೋಲಿಸೋದು ಜಾಸ್ತಿ. ನಾನು ಎರಡನೇ ಗುಂಪಿನವನು, ಹಂಗಾಗಿ ನನ್ನ ಉತ್ತರ ಆ ಕಡೆಗೇ ವಾಲಿದೆ.

ಪ್ರಾರ್ಥನೆಯಲ್ಲಿ ಇಂಥದ್ದೇ ತಪ್ಪು ಅಂತ ಸ್ಪಷ್ಟವಾಗಿ ಮನಸ್ಸಿಗೆ ಚುಚ್ಚಿದ್ರೆ ಸರಿ ಮಾಡ್ಕೊಳ್ಳಿ, ಯಾರ ಹತ್ರ ಕ್ಷಮೆ ಕೇಳ್ಬೇಕೋ ಕೇಳಿ. ಏನೂ ಹೊಳೀಲಿಲ್ವಾ, ಕೆದಕ್ತಾ ಕೂರಬೇಡಿ. ಡಾಕ್ಟರು ಹೇಳಿದ ಮಾತ್ರೆ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಆ ಅಣ್ಣ ಮತ್ತೆ ಬಂದ್ರೆ ಬೈಬಲಿನಲ್ಲಿ ತಪ್ಪಿಲ್ಲದೇ ಕಷ್ಟ ಪಟ್ಟ ಯೋಬನ ಪುಸ್ತಕದ 42ನೇ ಅಧ್ಯಾಯ ಒಟ್ಟಿಗೆ ಓದೋಣ ಅನ್ನಿ. ಯೋಬನಿಗೆ ನೀನೇ ಏನೋ ಪಾಪ ಮಾಡಿದ್ದೀಯ ಅಂತ ಹೇಳಿದ ಸ್ನೇಹಿತರ ಮೇಲೆ ದೇವರಿಗೆ ಕೋಪ ಬಂದಿದ್ದು ಅಲ್ಲೇ.