ಮುಂಗುಸಿಯ ಮೇಲೆ ಹಾಕುವ ಮೊದಲು

ಪತ್ರ: ನಾವು ಗದಗ ಜಿಲ್ಲೆಯ ರೋಣದ ಕಡೆಯವರು. ಗಂಡನಿಗೆ ವೆರ್ಣಾದ ಕಾರ್ಖಾನೆಯಲ್ಲಿ ಕೆಲಸ, ಮನೆ ಮಡಗಾಂವ್ ಹತ್ತಿರ, ಹಿತ್ತಲಿರುವ ಹಳೇ ಹೆಂಚಿನ ಮನೆ. ಮಾವ ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ಅತ್ತೆ ನಮ್ಮಲ್ಲಿಗೆ ಬಂದರು. ಆರು ತಿಂಗಳು ಬಾಯೇ ಬಿಡಲಿಲ್ಲ. ಆಮೇಲೆ ಊರಿಂದ ಒಂದು ಹೇಂಟೆ ತಂದರು. ಈಗ ಎಂಟು ಹೇಂಟೆ, ಒಂದು ಹುಂಜ. ಅವರಿಗೆ ಜೀವ ಬಂತು, ನನಗೆ ಉಸಿರು ಹೋಯಿತು. ಬೆಳಿಗ್ಗೆ ಗೂಡು ಗುಡಿಸಿದರೆ ಸಾಲು ಸಾಲು ಸೀನು, ರಾತ್ರಿ ಎದೆಯಲ್ಲಿ ಸಿಳ್ಳೆ. ಅಂಗಡಿಯಿಂದ ಸೆಟ್ರಿಜಿನ್ ತಂದು ದಿನಾ ಒಂದು ನುಂಗಿ ಮಲಗುತ್ತೇನೆ. ಅತ್ತೆಗೆ ಹೇಳಿಲ್ಲ. ಗಂಡ 'ನಾಕ್ ಸೀನು ಬಂದ್ರ ಏನಾತು' ಅನ್ನುತ್ತಾರೆ. ವಿಚಿತ್ರವೆಂದರೆ ದೀಪಾವಳಿಗೆ ಊರಿಗೆ ಹೋದ ಎಂಟು ದಿನ ಒಂದೂ ಸೀನಿರಲಿಲ್ಲ, ಅಲ್ಲೂ ಅಂಗಳದ ತುಂಬ ಕೋಳಿ. ಮುಂದಿನ ತಿಂಗಳು ಅತ್ತೆ ಜಾತ್ರೆಗೆ ಹೋಗುತ್ತಾರೆ. ಆಗ ಕೋಳಿ ಮಾರಿ, ಮುಂಗುಸಿ ತಿಂತು ಅಂದುಬಿಡಲೇ? ನಮ್ಮಕ್ಕನದೇ ಈ ಉಪಾಯ. ಆರು ವರ್ಷದ ಮಗಳು ಕೋಳಿ ಎತ್ತಿಕೊಂಡೇ ತಿರುಗುತ್ತಾಳೆ, ಅವಳಿಗೇನೂ ಆಗಿಲ್ಲ. ನಾನು ಮೊಟ್ಟೆ ತಿನ್ನುವುದನ್ನೂ ಬಿಡಬೇಕೇ?
— ಹೆಸರು ಬೇಡ, ಮಡಗಾಂವ್

ಮಡಗಾಂವ್‌ನ ಸೋದರಿಗೆ,

ಮೊದಲು ಮುಂಗುಸಿಯ ವಿಷಯ ಮುಗಿಸೋಣ. ಅದು ನಡೆಯುವುದಿಲ್ಲ. ಮುಂಗುಸಿ ಬಂದರೆ ಪುಕ್ಕ ಚೆಲ್ಲಾಡಿರುತ್ತದೆ, ರಕ್ತ ಬಿದ್ದಿರುತ್ತದೆ, ಒಂದೆರಡು ಹೋಗಿ ಉಳಿದವು ಬೆದರಿ ಎಲ್ಲೆಲ್ಲೋ ಅಡಗಿರುತ್ತವೆ. ಒಂಬತ್ತನ್ನೂ ಒಂದು ಗರಿ ಉದುರಿಸದೆ ಹೊತ್ತೊಯ್ದ ಮುಂಗುಸಿಯನ್ನು ನಿಮ್ಮ ಅತ್ತೆ ಜನ್ಮದಲ್ಲಿ ಕಂಡಿರಲಾರರು. ಹಿತ್ತಲಿಗೆ ಕಾಲಿಟ್ಟ ಕೂಡಲೇ ಅವರಿಗೆ ತಿಳಿಯುತ್ತದೆ. ಜಗಳ ತೆಗೆದರೆ ನಿಮ್ಮ ಪುಣ್ಯ. ತೆಗೆಯದೆ ಮತ್ತೆ ಆ ಆರು ತಿಂಗಳ ಹಾಗೆ ಬಾಯಿ ಕಟ್ಟಿಕೊಂಡು ಕೂತರೆ ಏನು ಮಾಡುತ್ತೀರಿ? ನಿಮ್ಮ ಅಕ್ಕ ಆ ಮನೆಯಲ್ಲಿ ಇರುವವರಲ್ಲ.

ಇನ್ನು ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ದೀಪಾವಳಿಯದು. ಅಲ್ಲೂ ಕೋಳಿ, ಇಲ್ಲೂ ಕೋಳಿ. ಅಲ್ಲಿ ಸೀನಿಲ್ಲ, ಇಲ್ಲಿ ಸೀನು. ಇಷ್ಟರಿಂದಲೇ ಕೋಳಿ ನಿರ್ದೋಷಿ ಅನ್ನಲಾಗದು, ಊರಲ್ಲಿ ಗೂಡು ನಿಮ್ಮ ಮಲಗುವ ಕೋಣೆಯ ಪಕ್ಕದಲ್ಲಿ ಇದ್ದಿರಲಾರದು. ಆದರೂ ಅನುಮಾನಿಸಬೇಕಾದ್ದು ಬೇರೆ ಏನೋ ಇದೆ. ಗದಗ ಸೀಮೆಗೆ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಗೋವಾದಲ್ಲಿ ಸುಮಾರು 3,000. ಗೋಡೆಗೆ ಬೂಷ್ಟು, ಬೀರುವಿನಲ್ಲಿ ಸೀರೆಗೆ ಬೂಷ್ಟು, ಚಪ್ಪಲಿಗೂ ಬೂಷ್ಟು. ಹಾಸಿಗೆಯೊಳಗೆ ಕಣ್ಣಿಗೆ ಕಾಣದ ದೂಳುಹುಳ. ಮನುಷ್ಯರ ಮೈಯಿಂದ ಉದುರುವ ಚರ್ಮದ ಪುಡಿಯೇ ಅದರ ಊಟ, ತೇವವೇ ಅದರ ಜೀವ. ಒಣಹವೆಯಲ್ಲಿ ಅದು ಬದುಕುವುದೇ ಕಷ್ಟ. ಗರಿಯ ಅಲರ್ಜಿ ಅಂದುಕೊಂಡವರಲ್ಲಿ ಎಷ್ಟೋ ಜನರಿಗೆ ನಿಜಕ್ಕೂ ಇರುವುದು ಈ ದೂಳುಹುಳದ ಅಲರ್ಜಿ. ನಾನೇ ಡೊಂಬಿವ್ಲಿಯ ಬಾಡಿಗೆ ಮನೆಯಲ್ಲಿ ಎರಡು ವರ್ಷ ಪಕ್ಕದ ಮನೆಯ ಅಗರಬತ್ತಿಗೆ ಶಾಪ ಹಾಕಿದವಳು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ನನ್ನದೇ ಗಾದಿ.

ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಅತ್ತೆ ಊರಿಂದ ತಂದದ್ದು ಹೇಂಟೆ ಮಾತ್ರವೇ? ಕೌದಿ ತಂದಿಲ್ಲವೇ? ನಮ್ಮ ಕಡೆಯ ಹೆಂಗಸರು ಕೌದಿ ಇಲ್ಲದೆ ಮಗನ ಮನೆಗೆ ಬರುವುದಿಲ್ಲ. ಹಳೇ ಸೀರೆ, ಧೋತರ, ಪದರಿನ ಮೇಲೆ ಪದರು. ಊರಿನ ಬಿಸಿಲಲ್ಲಿ ಅದು ಚಿನ್ನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದ ಗೋವಾದ ಕೋಣೆಯಲ್ಲಿ ದೂಳುಹುಳಕ್ಕೆ ಅದಕ್ಕಿಂತ ಅರಮನೆ ಬೇಕೇ? ರಾತ್ರಿ ಸಿಳ್ಳೆ ಬರುವಾಗ ನೀವು ಹೊದ್ದಿರುವುದು ಕೋಳಿಯನ್ನಲ್ಲವಲ್ಲ. ಬಿಸಾಡಿ ಅನ್ನುತ್ತಿಲ್ಲ. ಹಾಸಿಗೆ ಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆದರೆ ಹುಳ ಸಾಯುತ್ತವೆ. ಕೌದಿಯನ್ನು ಹಾಗೆ ವಾರವಾರ ಒಗೆಯಲಾಗದು, ಮಳೆಗಾಲಕ್ಕೆ ಅದು ನಿಮ್ಮ ಕೋಣೆಯಿಂದ ಆಚೆ ಹೋಗಲಿ.

ಆದರೆ ಇದೆಲ್ಲ ನನ್ನ ಊಹೆ, ನಿಮಗೆ ಬೇಕಾದ್ದು ಡಾಕ್ಟರ ಮಾತು. ಅದೂ ಬೇಗ. ಎದೆಯಲ್ಲಿ ಸಿಳ್ಳೆ ಅಂದರೆ ಶ್ವಾಸನಾಳ ಬಿಗಿದಿದೆ ಅಂತ ಅರ್ಥ. ಸೆಟ್ರಿಜಿನ್ ಸೀನು, ತುರಿಕೆ ಇಳಿಸುತ್ತದೆ, ಬಿಗಿದ ಶ್ವಾಸನಾಳವನ್ನು ಬಿಡಿಸುವ ಕೆಲಸ ಅದರದ್ದಲ್ಲ. ಅಂದರೆ ನೀವು ಬೆಳಗಿನ ಕಷ್ಟಕ್ಕೆ ಔಷಧ ತಿಂದು ರಾತ್ರಿಯ ಕಷ್ಟವನ್ನು ಹಾಗೇ ಬಿಟ್ಟಿದ್ದೀರಿ. ಡಾಕ್ಟರು ಪಂಪು, ಅಂದರೆ ಇನ್‌ಹೇಲರ್, ಬರೆದುಕೊಟ್ಟರೆ 'ಅದು ಚಟ ಆಗುತ್ತೆ' ಅನ್ನುವ ನೆರೆಹೊರೆಯವರ ಮಾತು ಕೇಳಬೇಡಿ, ಆಗುವುದಿಲ್ಲ. ಪಂಪಿನ ಔಷಧ ನೇರ ಶ್ವಾಸಕೋಶಕ್ಕೇ ಹೋಗುವುದರಿಂದ ಮಾತ್ರೆಗಿಂತ ಎಷ್ಟೋ ಕಡಿಮೆ ಪ್ರಮಾಣ ಸಾಕು. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಯ ಎದೆರೋಗ ವಿಭಾಗಕ್ಕೆ ಹೋಗಿ, ಅಥವಾ ಮಡಗಾಂವ್‌ನಲ್ಲೇ ಒಬ್ಬ ಎದೆರೋಗ ತಜ್ಞರನ್ನು ನೋಡಿ.

ಅಲರ್ಜಿ ಪರೀಕ್ಷೆ ಹೆದರುವಂಥದ್ದಲ್ಲ. ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು ಸೂಜಿ ಮೊನೆ ತಾಕಿಸುತ್ತಾರೆ. 15-20 ನಿಮಿಷದಲ್ಲಿ ಯಾವ ಹನಿಯ ಕೆಳಗೆ ದದ್ದು ಎದ್ದಿತು ಅಂತ ನೋಡುತ್ತಾರೆ. ಕೋಳಿ ಗರಿ, ದೂಳುಹುಳ, ಬೂಷ್ಟು ಮೂರನ್ನೂ ನೋಡಬೇಕು ಅಂತ ಕೇಳಿ. ಒಂದು ಎಚ್ಚರ: ನೀವು ದಿನಾ ನುಂಗುವ ಆ ಸೆಟ್ರಿಜಿನ್ ದದ್ದು ಏಳದಂತೆ ತಡೆಯುತ್ತದೆ, ಹಾಗಾಗಿ ಪರೀಕ್ಷೆಗೆ ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅದನ್ನು ತಿನ್ನುತ್ತಿರುವ ವಿಷಯ ಮೊದಲ ದಿನವೇ ಬಾಯಿಬಿಟ್ಟು ಹೇಳಿ. ನಿಲ್ಲಿಸುವುದು ಸಾಧ್ಯವೇ ಇಲ್ಲದಿದ್ದರೆ ರಕ್ತ ಪರೀಕ್ಷೆಯೂ ಇದೆ.

ಹಕ್ಕಿಗಳ ಜೊತೆ ಬರುವ ಇನ್ನೊಂದು ಕಾಯಿಲೆ ಬೇರೆಯೇ ಜಾತಿಯದು. ಮುಂಬಯಿಯಲ್ಲಿ 2025ರ ಆಗಸ್ಟ್‌ನಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ದಾದರ್‌ನ ಕಬೂತರ್‌ಖಾನೆಗೆ ಪಾಲಿಕೆ ತಾಡಪಾಲು ಹೊದಿಸಿದಾಗ ಊರೆಲ್ಲ ಜಗಳವಾಯಿತಲ್ಲ, ಆ ಜಗಳದ ಬೇರು ಇದೇ. ಹಿಕ್ಕೆ, ಗರಿಗಳ ದೂಳು ಶ್ವಾಸಕೋಶದ ಆಳಕ್ಕಿಳಿದು ಉರಿಯೂತ ಎಬ್ಬಿಸುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಗಾಯದ ಕಲೆಯಂತೆ ಗಟ್ಟಿಯಾಗಿ ಉಳಿಯುತ್ತದೆ. ಪಾರಿವಾಳದ ಹೆಸರು ಹೆಚ್ಚು ಕೇಳುತ್ತೇವೆ, ಕೋಳಿಯಿಂದಲೂ ಬರಬಹುದು. ಅದರಲ್ಲಿ ಸೀನು ಮುಖ್ಯವಲ್ಲ. ಗೂಡು ಗುಡಿಸಿದ ನಾಲ್ಕೆಂಟು ತಾಸಿಗೆ ಜ್ವರ, ಒಣಕೆಮ್ಮು, ಮೈಕೈ ನೋವು, ದಿನ ಕಳೆದಂತೆ ಮೆಟ್ಟಿಲು ಹತ್ತಿದರೆ ಏದುಸಿರು, ತೂಕ ಇಳಿಕೆ. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ. ಇದ್ದೂ ಬರೆಯದೆ ಬಿಟ್ಟಿದ್ದರೆ ಜಾತ್ರೆ ಗೀತ್ರೆ ಕಾಯದೆ ಈ ವಾರವೇ ಹೋಗಿ.

ಮೊಟ್ಟೆ? ತಿಂದಾಗ ಬಾಯಿ ತುರಿಸದಿದ್ದರೆ, ಹೊಟ್ಟೆ ಕೆಡದಿದ್ದರೆ ತಿನ್ನಿ. ಗರಿಯ ಅಲರ್ಜಿ ಇರುವ ದೊಡ್ಡವರಲ್ಲಿ ಕೆಲವರಿಗೆ ಅರೆಬೆಂದ ಹಳದಿ ಭಾಗ ಆಗಿಬರುವುದಿಲ್ಲ, ಅಷ್ಟೇ. ಮಗಳು ಕೋಳಿ ಎತ್ತಿಕೊಳ್ಳಲಿ, ಕೈಗೆ ಸೋಪು ಹಾಕದೆ ತಟ್ಟೆಗೆ ಕೈ ಇಡುವಂತಿಲ್ಲ, ಕೋಳಿ ಹಾಸಿಗೆ ಹತ್ತುವಂತಿಲ್ಲ.

ಪರೀಕ್ಷೆಯ ಉತ್ತರ ಬರುವವರೆಗೆ ಕಾಯದೆ ಇಂದೇ ಬದಲಾಗಬೇಕಾದ್ದು ಒಂದಿದೆ: ನೀವು ಗೂಡು ಗುಡಿಸುವುದು. ನಾಲ್ಕು ಸೀನಿಗೆ ಏನಾಯಿತು ಅನ್ನುವ ನಿಮ್ಮ ಯಜಮಾನರು ಆ ಪೊರಕೆ ಹಿಡಿಯಲಿ. ಕೋಳಿ ಅವರ ತಾಯಿಯವು, ಮೊಟ್ಟೆ ಅವರೂ ತಿನ್ನುತ್ತಾರೆ. ಒಣ ಗೂಡನ್ನು ಪೊರಕೆಯಲ್ಲಿ ಗುಡಿಸುವ ಆ ಹತ್ತು ನಿಮಿಷವೇ ದೂಳು ಅತಿ ಹೆಚ್ಚು ಏಳುವ ಹೊತ್ತು. ಮೊದಲು ನೀರು ಚಿಮುಕಿಸಬೇಕು, ಬಟ್ಟೆ ಕಟ್ಟಿದರೆ ಸಾಲದು, ಎನ್-95 ಮಾಸ್ಕ್ ಬೇಕು, ಆ ಅಂಗಿಯಲ್ಲೇ ಬಂದು ಹಾಸಿಗೆ ಮೇಲೆ ಕೂರಬಾರದು. ಗೂಡಿಗೆ ಹಾಸುವುದು ಬಡಗಿ ಅಂಗಡಿಯ ಮರದ ಪುಡಿಯಾದರೆ ಬಿಟ್ಟುಬಿಡಿ. ಉಜ್ಜುಗೊರಡಿನಿಂದ ಬರುವ ಸುರುಳಿ ಸಿಪ್ಪೆ ಕೇಳಿ ತನ್ನಿ, ಅದರಲ್ಲಿ ದೂಳು ಕಡಿಮೆ. ಗೂಡಿನ ಹತ್ತಿರ ಕಣ್ಣುರಿಯುವಂಥ ಘಾಟು ಬಂದರೆ ಹಾಸು ಒದ್ದೆಯಾಗಿದೆ ಅಂತ ತಿಳಿಯಿರಿ. ಅದು ಅಮೋನಿಯಾ, ಅಲರ್ಜಿ ಇಲ್ಲದವರ ಮೂಗನ್ನೂ ಕೆರಳಿಸುತ್ತದೆ, ಕೋಳಿಗೂ ಒಳ್ಳೆಯದಲ್ಲ. ಮತ್ತು ಗೂಡು ನಿಮ್ಮ ಕಿಟಕಿಯಿಂದ ದೂರ, ಹಿತ್ತಲಿನ ಆಚೆ ತುದಿಗೆ ಹೋಗಬೇಕು. ಇದಕ್ಕೆ ಅತ್ತೆಯ ಒಪ್ಪಿಗೆ ಬೇಕು, ಅಂದರೆ ಅವರಿಗೆ ಹೇಳಲೇಬೇಕು.

ನೀವು ಹೆದರಿರುವುದು ಇದಕ್ಕೇ ಅಂತ ಗೊತ್ತು. ಕೋಳಿ ಬೇಡ ಅಂದ ಸೊಸೆ ಅನ್ನಿಸಿಕೊಳ್ಳುವ ಭಯ. ಆದರೆ ಒಂದು ಕೋಳಿ ತೂಕಡಿಸಿದರೆ ಅಂಗಳದ ಈ ತುದಿಯಿಂದಲೇ ಹೇಳಬಲ್ಲ ಹೆಂಗಸು ಅವರು. ಕೋಳಿಯ ಗಂಟಲು ಗೊರಗೊರ ಅಂದರೆ ಬೆಳ್ಳುಳ್ಳಿ ಜಜ್ಜಿಕೊಂಡು ಓಡುವವರಿಗೆ ಸೊಸೆಯ ಉಬ್ಬಸ ತಿಳಿಯದೇ? ನೀವು ಮಾತ್ರೆ ನುಂಗಿ ಮುಚ್ಚಿಟ್ಟಿದ್ದೀರಿ, ಅದಕ್ಕೇ ತಿಳಿದಿಲ್ಲ. ಗಂಡನ ಬಾಯಲ್ಲಿ ಹೇಳಿಸಬೇಡಿ, ಅದು ದೂರು ಆಗುತ್ತದೆ. ಸಂಜೆ ಅವರು ಕೋಳಿಗೆ ನುಚ್ಚು ಹಾಕುವಾಗ ಪಕ್ಕದಲ್ಲಿ ನಿಂತು, 'ಅತ್ತೀ, ರಾತ್ರಿ ನನಗ ಉಸುರು ಹಿಡಿತೈತ್ರಿ, ಡಾಕ್ಟರ ಕಡೆ ನೀವೂ ಬರ್ರಿ' ಅನ್ನಿ. ಕೋಳಿಯ ಹೆಸರೇ ಎತ್ತಬೇಡಿ. ಡಾಕ್ಟರ ಎದುರು ಕೂತು ಅವರೇ ಕೇಳಲಿ, 'ನಮ್ಮ ಕೋಳಿಯಿಂದ ಏನರ ಆಗೈತೇನ್ರಿ' ಅಂತ.

ಪರೀಕ್ಷೆಯಲ್ಲಿ ಗರಿಯೇ ಸಿಕ್ಕಿಬಿದ್ದರೆ? ಮೊದಲು ಗೂಡು ದೂರ, ಪೊರಕೆ ಗಂಡನ ಕೈಗೆ, ನಿಮಗೆ ಸರಿಯಾದ ಔಷಧ. ಎರಡು ಮೂರು ತಿಂಗಳಲ್ಲಿ ಉಸಿರು ಹಗುರಾಗದಿದ್ದರೆ ಸಂಖ್ಯೆ ಇಳಿಯಬೇಕು. ಅಕ್ಕಪಕ್ಕದಲ್ಲಿ ಗಾಂವ್ಠಿ, ಅಂದರೆ ನಾಟಿ, ಮೊಟ್ಟೆಗೆ ಬೆಲೆ ಕೊಡುವ ಗೋವಾದ ಹೆಂಗಸು ಯಾರಾದರೂ ಇದ್ದೇ ಇರುತ್ತಾರೆ. ಅವರ ಹಿತ್ತಲಲ್ಲಿ ಗೂಡು ಇಟ್ಟರೆ ಅತ್ತೆ ದಿನಾ ಎರಡು ಹೊತ್ತು ಹೋಗಿ ಬರಬಹುದು, ಹರಕು ಕೊಂಕಣಿಯಲ್ಲಿ ಮಾತಿಗೊಬ್ಬರು ಸಿಗುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕೋಳಿ ಹೋಗಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಯಾರ ಮನೆಗೆ, ಯಾವ ಹೇಂಟೆ ಮೊದಲು ಅಂತ ತೀರ್ಮಾನಿಸುವವರು ಅತ್ತೆ.

ಜಾತ್ರೆಯ ವಾರ ಕೋಳಿ ನೋಡಿಕೊಳ್ಳುವ ಪಾಳಿಯೂ ಯಜಮಾನರದ್ದೇ. ಕತ್ತಲಾಗುವ ಮೊದಲು ಗೂಡಿನ ಬಾಗಿಲು ಭದ್ರವಾಗಿ ಹಾಕಲು ಹೇಳಿ, ಏಕೆಂದರೆ ಮುಂಗುಸಿ ಅಲ್ಲದಿದ್ದರೆ ಕಾಡುಬೆಕ್ಕು ನಿಜವಾಗಿಯೂ ಬರಬಹುದು. ಲೋಂಡಾ ಮೇಲಿನ ಗಾಡಿಯಲ್ಲಿ ಬಂದು ಇಳಿದ ಅತ್ತೆ ಚೀಲ ಕೆಳಗಿಡುವ ಮೊದಲೇ ಹಿತ್ತಲಿಗೆ ಹೋಗಿ ಎಣಿಸುತ್ತಾರೆ. ಒಂಬತ್ತೂ ಇರಲಿ.